ದಾರಿಗೂ ಬಾಡಿಗೆಯಿದೆ

2023ರ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಯಜಮಾನರಿಗೆ ಬರ್ಲಿನ್‌ನಲ್ಲಿ ಮೊದಲ ಪೂರ್ತಿ ಸಂಬಳ ಬಂತು. ನಾವು ಲೆಕ್ಕ ಹಾಕಿಟ್ಟಿದ್ದಕ್ಕಿಂತ ಸುಮಾರು 700 ಯೂರೊ ಕಡಿಮೆ. ಎಲ್ಲಿ ಸೋರಿತು ಎಂದು ಹುಡುಕುತ್ತಾ ಹೋದರೆ, ತೂತು ಇದ್ದದ್ದು ನಾವು ಹಿಡಿದಿದ್ದ ಮನೆಯಲ್ಲಿ.

ಬೆಂಗಳೂರಿನಲ್ಲೇ ಕೂತು, ವಿಡಿಯೋ ನೋಡಿ, ಫ್ರೀಡ್ರಿಶ್‌ಹೈನ್‌ನಲ್ಲಿ ಪೀಠೋಪಕರಣ ಸಮೇತ ಎರಡು ಕೋಣೆಯ ಮನೆಯೊಂದನ್ನು ತಿಂಗಳಿಗೆ 2,100 ಯೂರೊ ಕೊಟ್ಟು ಹಿಡಿದಿದ್ದೆವು. ಬಂದ ಮೇಲೆ ಮಾಲೀಕರು, ಈ ವಿಳಾಸದಲ್ಲಿ ಹೆಸರು ನೋಂದಾಯಿಸುವಂತಿಲ್ಲ ಎಂದರು. ಜರ್ಮನಿಯಲ್ಲಿ ಮನೆ ಹೊಕ್ಕ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಅನ್‌ಮೆಲ್ಡುಂಗ್ ಎನ್ನುತ್ತಾರೆ. ಅದಕ್ಕೆ ಬೇಕಾದ ಪತ್ರ ಕೊಡುವುದು 2015ರ ನವೆಂಬರ್‌ನಿಂದ ಮಾಲೀಕರ ಕಾನೂನುಬದ್ಧ ಕರ್ತವ್ಯ. ನಮಗೆ ಅದು ಗೊತ್ತಿರಲಿಲ್ಲ. ನೋಂದಣಿಯಾಗದೆ ತೆರಿಗೆ ಸಂಖ್ಯೆ ಬರಲಿಲ್ಲ. ತೆರಿಗೆ ಸಂಖ್ಯೆ ಇಲ್ಲದ್ದಕ್ಕೆ ಸಂಬಳದಲ್ಲಿ ಅತಿ ಹೆಚ್ಚು ಕಡಿತವಾಗುವ ಆರನೇ ವರ್ಗಕ್ಕೆ ಹಾಕಿದರು. ಮಕ್ಕಳಿಗೆ ಸರಕಾರ ತಿಂಗಳು ತಿಂಗಳು ಕೊಡುವ ಕಿಂಡರ್‌ಗೆಲ್ಡ್ ಅರ್ಜಿಯೂ ಅಲ್ಲಿಗೇ ನಿಂತಿತು. ಮರುವರ್ಷ ತೆರಿಗೆ ವಿವರ ಸಲ್ಲಿಸಿದ ಮೇಲೆ ಹಣ ವಾಪಸು ಬಂತು, ನಿಜ. ಆದರೆ ಹೊಸ ಊರಿನ ಮೊದಲ ತಿಂಗಳುಗಳಲ್ಲಿ ಕೈಯಲ್ಲಿ ಇರಬೇಕಾದ ಹಣ ವರ್ಷ ಬಿಟ್ಟು ಬಂದರೆ ಆಗಿನ ಕಷ್ಟ ತೀರುವುದಿಲ್ಲ.

ಅದಕ್ಕೇ ಬರ್ಲಿನ್‌ಗೆ ಹೊರಟ ಕನ್ನಡದ ಕುಟುಂಬಗಳಿಗೆ ನಾನು ಮೊದಲು ಹೇಳುವ ಮಾತು: ತಾತ್ಕಾಲಿಕ ಮನೆಯೇ ಆಗಲಿ, ನೋಂದಣಿ ಪತ್ರ ಕೊಡುತ್ತೀರಾ ಎಂದು ಬರಹದಲ್ಲಿ ಕೇಳಿ. ಆಮೇಲೆ ಹಣ ಕಳಿಸಿ.

ಆ ಮನೆಯಲ್ಲಿದ್ದುಕೊಂಡೇ ಕಾಯಂ ಮನೆ ಹುಡುಕಿದೆವು. ದೊಡ್ಡವಳಿಗೆ ಆಗ ಏಳು ವರ್ಷ, ಚಿಕ್ಕವಳಿಗೆ ಎರಡು. ಯಜಮಾನರ ಕೆಲಸ ವಾಯವ್ಯದ ಸೀಮೆನ್ಸ್‌ಡಾಮ್ ಹತ್ತಿರ. ನನಗೆ ಕೆಲಸ ಸಿಗುವ ಸೂಚನೆ ಇದ್ದದ್ದು ನಗರದ ನಡುವಿನ ಮೋಕರ್ನ್‌ಬ್ರುಕೆಯಲ್ಲಿ. ಎರಡೂ ಯು7 ಮೆಟ್ರೊ ಮಾರ್ಗದ ನಿಲ್ದಾಣಗಳು. ಷ್ಪಾಂಡಾವ್‌ನಿಂದ ರೂಡೋವರೆಗೆ ನಗರವನ್ನು ಓರೆಯಾಗಿ ಸೀಳಿಕೊಂಡು ಹೋಗುವ ಈ ಮಾರ್ಗದಲ್ಲಿ 40 ನಿಲ್ದಾಣಗಳಿವೆ. ಹಳೇ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಕೈಗೆಟುಕಬಹುದಾದ ಮೂರು ಮನೆ ಬರೆದುಕೊಂಡೆ.

ಮೊದಲನೆಯದು ನೈಋತ್ಯದ ತ್ಸೇಲೆನ್‌ಡೋರ್ಫ್. ಕೆರೆ, ಕಾಡು, ಒಳ್ಳೆಯ ಹೆಸರು. ಬಾಡಿಗೆ ಎಲ್ಲ ಸೇರಿ 1,850. ಕೈಗೆ ಬರುವ ಸಂಬಳ ಬಾಡಿಗೆಯ ಮೂರು ಪಟ್ಟು ಇರಬೇಕೆಂದು ಇಲ್ಲಿನ ಮಾಲೀಕರು ಸಾಮಾನ್ಯವಾಗಿ ನೋಡುತ್ತಾರೆ. ಒಂದೇ ಸಂಬಳದಲ್ಲಿ ಅದು ಆಗದ ಮಾತು, ಗೆರೆ ಎಳೆದೆವು.

ಎರಡನೆಯದು ನಗರದ ಗಡಿ ದಾಟಿ, ಬ್ರಾಂಡೆನ್‌ಬರ್ಗ್ ರಾಜ್ಯದ ಒಂದು ಪುಟ್ಟ ಊರು. ಹಿತ್ತಲು ಸಮೇತ 1,240 ಯೂರೊ. ಮೂರನೆಯದು ದಕ್ಷಿಣದ ಬ್ರಿಟ್ಸ್‌ನಲ್ಲಿ, ಎರಡನೇ ಮಹಡಿಯ ಮೂರು ಕೋಣೆ. 1,390 ಯೂರೊ. ವ್ಯತ್ಯಾಸ ತಿಂಗಳಿಗೆ 150. ವರ್ಷಕ್ಕೆ 1,800. ಬೆಂಗಳೂರಿನಿಂದ ಬಂದವರ ಮನಸ್ಸು ಕೂಡಲೇ ಅದನ್ನು ರೂಪಾಯಿಗೆ ತಿರುಗಿಸಿಬಿಡುತ್ತದೆ. ನಮಗೂ ಹಿತ್ತಲಿನ ಮನೆಯೇ ಕಣ್ಣಿಗೆ ಕಟ್ಟಿತ್ತು.

ಪ್ರಯಾಣದ ಟಿಕೆಟ್ಟಿನ ಲೆಕ್ಕವೂ ಅದೇ ಕಡೆ ವಾಲುತ್ತಿತ್ತು. ಬರ್ಲಿನ್ ಸಾರಿಗೆಯಲ್ಲಿ ಎ, ಬಿ, ಸಿ ಎಂದು ಮೂರು ವಲಯ. ವರ್ತುಲ ರೈಲಿನ ಒಳಗೆ ಎ, ನಗರದ ಎಲ್ಲೆವರೆಗೆ ಬಿ, ಅದರಾಚೆ ಸಿ. ಮೊದಲೆಲ್ಲ ದೂರ ಹೋದಷ್ಟೂ ಪಾಸು ದುಬಾರಿ. 2023ರ ಮೇ ತಿಂಗಳಲ್ಲಿ ಇಡೀ ದೇಶಕ್ಕೆ ಒಂದೇ ಪಾಸು, ಡಾಯ್ಚ್‌ಲಾಂಡ್ ಟಿಕೆಟ್, 49 ಯೂರೊಗೆ ಬಂತು. 2026ರ ಜನವರಿಯಿಂದ ಅದು 63 ಯೂರೊ. ಆ ಪಾಸಿಗೆ ಎ ಯಾವುದು, ಸಿ ಯಾವುದು ಎಂಬ ಭೇದವಿಲ್ಲ. ಹಾಗಾದರೆ ಊರಾಚೆ ಇದ್ದರೆ ಏನು ನಷ್ಟ?

ಮನೆಯಿಂದ ದಿನಾ ಹೊರಡುವ ನಾಲ್ಕು ಜನರ ದಾರಿಯನ್ನು ಒಂದೊಂದಾಗಿ ಬರೆದ ಮೇಲೆ ಉತ್ತರ ಸಿಕ್ಕಿತು.

ಚಿಕ್ಕವಳ ದಾರಿ ಶಿಶುವಿಹಾರಕ್ಕೆ, ಇಲ್ಲಿನವರ ಮಾತಿನಲ್ಲಿ ಕೀಟಾಗೆ. ಬರ್ಲಿನ್‌ನಲ್ಲಿ 2018ರ ಆಗಸ್ಟ್‌ನಿಂದ ಎಲ್ಲ ವಯಸ್ಸಿನ ಮಕ್ಕಳಿಗೂ ಕೀಟಾ ಶುಲ್ಕವಿಲ್ಲ. ಊಟಕ್ಕೆಂದು ತಿಂಗಳಿಗೆ 23 ಯೂರೊ ಕೊಟ್ಟರಾಯಿತು. ಗಡಿ ದಾಟಿದರೆ ಬೇರೆ ರಾಜ್ಯ, ಬೇರೆ ಕಾನೂನು. ಮೂರು ವರ್ಷದೊಳಗಿನ ಮಗುವಿಗೆ ತಂದೆತಾಯಿಯ ಆದಾಯ ನೋಡಿ ಶುಲ್ಕ. ಮುಂದೆ ಬರಲಿದ್ದ ನಮ್ಮಿಬ್ಬರ ಸಂಬಳಕ್ಕೆ ಅವರು ಹೇಳಿದ್ದು ತಿಂಗಳಿಗೆ 280. ದೊಡ್ಡವಳ ದಾರಿ ಶಾಲೆಗೆ. ಬರ್ಲಿನ್ ಶಾಲಾ ಮಕ್ಕಳಿಗೆ 2019ರಿಂದ ನಗರದೊಳಗೆ ಪ್ರಯಾಣ ಉಚಿತ. ಆಚೆ ಅದಕ್ಕೂ ದುಡ್ಡು. ನಮ್ಮಿಬ್ಬರ ದಾರಿ ಆಫೀಸಿಗೆ. ಆ ಊರಿನ ನಿಲ್ದಾಣ ಮನೆಯಿಂದ ಎರಡು ಕಿಲೋಮೀಟರ್, ರೈಲು ಗಂಟೆಗೊಂದೋ ಎರಡೋ. ಚಳಿಗಾಲದಲ್ಲಿ ಎರಡು ವರ್ಷದ ಮಗುವಿನ ಜತೆ ಕಾರಿಲ್ಲದೆ ಅಲ್ಲಿ ಬದುಕುವುದು ಕಷ್ಟ. ಹಳೇ ಕಾರೇ ತೆಗೆದುಕೊಂಡರೂ ವಿಮೆ, ತೆರಿಗೆ, ಪೆಟ್ರೋಲು ಸೇರಿ ತಿಂಗಳಿಗೆ 250ಕ್ಕೆ ಕಡಿಮೆಯಿಲ್ಲ.

ಉಳಿಯುವುದು 150, ಹೋಗುವುದು 530. ಅದರ ಮೇಲೆ ಯಜಮಾನರಿಗೆ ದಿನಕ್ಕೆ 50 ನಿಮಿಷ ಹೆಚ್ಚಿನ ಓಡಾಟ. ವರ್ಷದ 220 ಕೆಲಸದ ದಿನಕ್ಕೆ ಹಾಕಿದರೆ 183 ಗಂಟೆ. ಬನಶಂಕರಿಯಲ್ಲಿ ಮನೆ, ವೈಟ್‌ಫೀಲ್ಡ್‌ನಲ್ಲಿ ಆಫೀಸು ಅಂತ ಆರು ವರ್ಷ ಕಳೆದವರು ನಾವು. ಆ ಗಂಟೆಗಳ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಈ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. 2024ರ ಆಗಸ್ಟ್‌ನಿಂದ ಬ್ರಾಂಡೆನ್‌ಬರ್ಗ್‌ನಲ್ಲೂ ಮೂರು ವರ್ಷ ತುಂಬಿದ ಮಕ್ಕಳಿಗೆ ಕೀಟಾ ಶುಲ್ಕ ಹೋಗಿದೆ. ಗ್ರೂನ್‌ಹೈಡೆಯ ಟೆಸ್ಲಾ ಕಾರ್ಖಾನೆಗೆ ಹೋಗುವವರಿಗೆ ಎರ್ಕ್‌ನರ್ ಕಡೆಯೇ ಅನುಕೂಲ. ನಮ್ಮ ಅಂಕಿ ನಿಮ್ಮದಾಗದು. ಆದರೆ ಬಾಡಿಗೆಯ ಪಕ್ಕದಲ್ಲಿ ಮನೆಯ ಪ್ರತಿಯೊಬ್ಬರ ದಾರಿಯನ್ನೂ ಬರೆದು ಕೂಡಿಸುವ ಕ್ರಮ ಎಲ್ಲರಿಗೂ ಒಂದೇ.

ಉಳಿದದ್ದು ಬ್ರಿಟ್ಸ್. ಹಣಕ್ಕಿಂತ ದೊಡ್ಡ ಭಯ ಅಲ್ಲಿತ್ತು. ಬ್ರಿಟ್ಸ್ ಇರುವುದು ನೊಯ್‌ಕೋಲ್ನ್ ಜಿಲ್ಲೆಯಲ್ಲಿ. ಆ ಹೆಸರು ಹೇಳಿದೊಡನೆ "ಮಕ್ಕಳಿರುವವರು ಅಲ್ಲಿಗಾ?" ಎಂದವರೇ ಹೆಚ್ಚು. ಮೂರು ಲಕ್ಷಕ್ಕೂ ಮೀರಿ ಜನರಿರುವ ಜಿಲ್ಲೆ ಅದು. ನೊಯ್‌ಕೋಲ್ನ್, ಬ್ರಿಟ್ಸ್, ಬುಕೋ, ರೂಡೋ, ಗ್ರೋಪಿಯಸ್‌ಸ್ಟಾಟ್ ಎಂಬ ಐದು ಭಾಗಗಳು ಅದರೊಳಗಿವೆ. ಬರ್ಲಿನ್ ಪೊಲೀಸರು ಅಪರಾಧಗಳ ನಕಾಶೆಯೊಂದನ್ನು ಪ್ರಕಟಿಸುತ್ತಾರೆ. ಅದರಲ್ಲಿ ಪ್ರತಿ ಪುಟ್ಟ ಪ್ರದೇಶದ ಅಂಕಿ ಬೇರೆ ಬೇರೆ ಸಿಗುತ್ತದೆ. ಅದನ್ನು ಓದುವಾಗ ಒಂದು ಎಚ್ಚರ ಬೇಕು: ದೊಡ್ಡ ನಿಲ್ದಾಣ, ಮಾಲ್ ಇರುವ ಕಡೆ ಬಂದುಹೋಗುವವರ ಜೇಬುಗಳ್ಳತನವೂ ಅಲ್ಲಿನ ನಿವಾಸಿಗಳ ತಲೆಗೆ ಲೆಕ್ಕವಾಗುತ್ತದೆ. ಮನೆಗಳ್ಳತನ, ಹಲ್ಲೆ ಇವೆರಡನ್ನು ಬಿಡಿಸಿ ನೋಡಬೇಕು. ಹಾಗೆ ನೋಡಿದಾಗ ಸದಾ ಗಿಜಿಗುಡುವ ಹೆರ್ಮನ್‌ಪ್ಲಾಟ್ಸ್‌ಗೂ ಅಲ್ಲಿಂದ ಆರೇ ನಿಲ್ದಾಣ ಆಚೆ ಇರುವ ಬ್ರಿಟ್ಸ್‌ನ ಪಾರ್ಖಿಮರ್ ಆಲೇಗೂ ಅಜಗಜಾಂತರ.

ಅಂಕಿ ನೋಡಿ ಸುಮ್ಮನಾಗಲಿಲ್ಲ. ಡಿಸೆಂಬರ್‌ನ ಒಂದು ಗುರುವಾರ ಸಂಜೆ ಕಾಲು ಕಮ್ಮಿ ಐದಕ್ಕೆ ಪಾರ್ಖಿಮರ್ ಆಲೇಯಲ್ಲಿ ಇಳಿದೆ, ದೊಡ್ಡವಳು ಜತೆಗಿದ್ದಳು. ಆ ತಿಂಗಳಲ್ಲಿ ಇಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ಬೇಸಿಗೆಯ ಮಧ್ಯಾಹ್ನ ಎಲ್ಲ ಬೀದಿಯೂ ಚೆಂದ. ಮಗು ಒಂಟಿಯಾಗಿ ಬರಬೇಕಾಗುವುದು ಇಂಥ ಕತ್ತಲಲ್ಲಿ. ಬೇಕರಿಯ ಬೆಳಕು, ಬಸ್ಸಿಗೆ ಕಾಯುತ್ತಿದ್ದ ನರ್ಸ್‌ಗಳು, ಸ್ಕೂಟರ್‌ಗೆ ಕೆಂಪು ದೀಪ ಕಟ್ಟಿಕೊಂಡ ಇಬ್ಬರು ಮಕ್ಕಳು, ನಾಯಿ ಹಿಡಿದ ಅಜ್ಜಿ. ಮುಂದೆ ಕುದುರೆ ಲಾಳದ ಆಕಾರದ ಉದ್ದನೆಯ ಕಟ್ಟಡ, ನಡುವೆ ಕೊಳ. 1925ರಲ್ಲಿ ಬ್ರೂನೋ ಟೌಟ್ ಮತ್ತು ಮಾರ್ಟಿನ್ ವಾಗ್ನರ್ ಕಟ್ಟಲು ಶುರುಮಾಡಿದ ಬಡಾವಣೆ ಇದು. ಇಕ್ಕಟ್ಟಿನ ವಠಾರಗಳಲ್ಲಿ ಉಸಿರುಗಟ್ಟಿದ್ದ ಸಂಸಾರಗಳಿಗೆ ಗಾಳಿ, ಬೆಳಕು, ಒಂದು ತುಂಡು ತೋಟ ಸಿಗಲಿ ಎಂಬುದು ಅದರ ಉದ್ದೇಶ. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನಾವು ನೋಡಬೇಕಿದ್ದ ಮನೆ ಅದರಿಂದ ನಾಲ್ಕು ಬೀದಿ ಆಚೆ, ಸಾದಾ ಕಟ್ಟಡ. ಇಲ್ಲಿ ಪ್ರತಿ ಹೆಬ್ಬಾಗಿಲಲ್ಲೂ ಕರೆಗಂಟೆಯ ಫಲಕವಿರುತ್ತದೆ. ಒಂದೊಂದು ಗುಂಡಿಯ ಪಕ್ಕ ಒಂದೊಂದು ಕುಟುಂಬದ ಹೆಸರು. ಮಗಳು ಮೊಬೈಲ್ ಬೆಳಕಿನಲ್ಲಿ ಒಂದೊಂದೇ ಓದಿದಳು. ಹನ್ನೆರಡು ಹೆಸರು. ನಾಲ್ಕು ಜರ್ಮನ್, ಮೂರು ತುರ್ಕಿ, ಎರಡು ಪೋಲಿಷ್, ಒಂದು ವಿಯೆಟ್ನಾಮಿನದು, ಒಂದು ಅರಬ್ಬಿ. ಹನ್ನೆರಡನೆಯದನ್ನು ನನಗೂ ಯಾವ ದೇಶದ್ದೆಂದು ಹೇಳಲಾಗಲಿಲ್ಲ. "ಇಲ್ಲಿ ನಮ್ಮ ಹೆಸರು ಬರೆದರೆ ಉದ್ದ ಆಗುತ್ತಾ?" ಎಂದು ಕೇಳಿದಳು. ಆ ಫಲಕದಲ್ಲಿ ನಮ್ಮ ಹೆಸರು ಹದಿಮೂರನೆಯ ಹೆಸರಾಗುತ್ತಿತ್ತು, ಅಷ್ಟೆ. ಭಾರತೀಯರೇ ತುಂಬಿರುವ ಕಡೆ ಮನೆ ಮಾಡಿ ಎಂದು ಹೇಳುವವರಿದ್ದಾರೆ. ನನಗೆ ಬೇಕಿದ್ದದ್ದು ಹೊಸ ಹೆಸರು ಬಂದರೆ ಯಾರೂ ತಿರುಗಿ ನೋಡದ ಬಾಗಿಲು, ಜರ್ಮನ್ ಬಾರದ ಮಗುವನ್ನು ಮೊದಲೇ ಕಂಡಿರುವ ಶಾಲೆ. ಇಲ್ಲಿ ಪ್ರಾಥಮಿಕ ಶಾಲೆ ಆರು ವರ್ಷ, ಅದನ್ನು ನಿಗದಿಪಡಿಸುವುದು ಮನೆಯ ವಿಳಾಸ. ಆದ್ದರಿಂದ ಮನೆ ಆರಿಸುವಾಗಲೇ ಶಾಲೆಯನ್ನೂ ಆರಿಸಿದಂತೆ. ಹತ್ತು ನಿಮಿಷದ ದೂರದಲ್ಲಿ ಶ್ರೀಲಂಕಾ ತಮಿಳರ ಮುರುಗನ್ ದೇವಸ್ಥಾನ ಇರುವುದು ಆಮೇಲೆ ತಿಳಿದ ಭಾಗ್ಯ.

ಬ್ರಿಟ್ಸ್ ಬಗ್ಗೆ ಬರೀ ಒಳ್ಳೆಯದನ್ನೇ ಹೇಳಿದರೆ ಮೋಸವಾಗುತ್ತದೆ. 2012ರ ಏಪ್ರಿಲ್‌ನಲ್ಲಿ ಇಲ್ಲಿ ತುರ್ಕಿ ಮೂಲದ 22ರ ಯುವಕನೊಬ್ಬ ಗೆಳೆಯರೊಂದಿಗೆ ನಿಂತಿದ್ದಾಗ ಗುಂಡಿಗೆ ಬಲಿಯಾದ. ಅವನ ನೆನಪಿಗೆ ಬ್ರಿಟ್ಸ್‌ನಲ್ಲೇ ಸ್ಮಾರಕವಿದೆ. ಆ ದಾರಿಯಲ್ಲಿ ಹೋದಾಗ ನಾನು ನಿಲ್ಲುತ್ತೇನೆ. ಪೂರ್ತಿ ಸುರಕ್ಷಿತವಾದ ಊರು ಎಲ್ಲಿಯೂ ಇಲ್ಲ. ಒಬ್ಬನಿಗೆ ಆದದ್ದನ್ನು ನೆರೆಹೊರೆ ಮರೆಯದೆ ಉಳಿಸಿಕೊಂಡಿದೆಯೇ ಎಂದಾದರೂ ನೋಡಬಹುದು.

ಇನ್ನು ಕೈಯಿಂದ ಹೋಗುವ ಹಣ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ. ಬಿಸಿನೀರು, ನಿರ್ವಹಣೆ ಸೇರದ ಬರೀ ಬಾಡಿಗೆಗೆ ಕಾಲ್ಟ್‌ಮೀಟೆ ಎನ್ನುತ್ತಾರೆ. ಠೇವಣಿ ಅದರ ಮೂರು ತಿಂಗಳಿಗೆ ಮೀರುವಂತಿಲ್ಲ. ನಮ್ಮದು 990, ಠೇವಣಿ 2,970. ಅದನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕೂ ಕಾನೂನಿನಲ್ಲಿದೆ; ಕೇಳಿ, ಕೊಡುತ್ತಾರೆ. ಮಾಲೀಕರು ನೇಮಿಸಿದ ದಲ್ಲಾಳಿಗೆ ನೀವು ಕಮಿಷನ್ ಕೊಡಬೇಕಾಗಿಲ್ಲ, 2015ರಿಂದ ಹೀಗೆ. ಹೆಚ್ಚಿನ ಮನೆಗಳಲ್ಲಿ ಅಡುಗೆಮನೆ ಎಂದರೆ ಖಾಲಿ ಗೋಡೆ; ಹಿಂದಿನವರ ಒಲೆ, ಕಪಾಟುಗಳನ್ನು ನಾವು 1,400 ಯೂರೊಗೆ ಕೊಂಡೆವು. ಹೊಸ ಬಾಡಿಗೆ ಆ ಪ್ರದೇಶದ ಅಧಿಕೃತ ಬಾಡಿಗೆ ಪಟ್ಟಿಗಿಂತ ಶೇ 10ಕ್ಕಿಂತ ಹೆಚ್ಚಿರಬಾರದು ಎಂಬ ನಿಯಮ 2029ರ ಕೊನೆವರೆಗೂ ಇದೆ. 2014ರ ಅಕ್ಟೋಬರ್ ನಂತರ ಮೊದಲ ಬಾರಿಗೆ ಬಳಕೆಗೆ ಬಂದ ಮನೆಗಳಿಗೆ ಅದು ಅನ್ವಯಿಸದು. ಸಹಿ ಹಾಕುವ ಮುಂಚೆ ಪಟ್ಟಿ ತೆರೆದು ನೋಡಿ. ಮನೆ ತೋರಿಸದೆ ಠೇವಣಿ ಕೇಳಿದವರಿಗೆ ಒಂದು ಸೆಂಟ್ ಕೂಡ ಕಳಿಸಬೇಡಿ.

2024ರ ಜನವರಿಯಲ್ಲಿ ಹಾಲು ಉಕ್ಕಿಸಿದೆವು. ಮನೆ ಆರಿಸುವಾಗ ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲು ಬರೆದಿದ್ದೆ: ಮೆಟ್ರೊ ನಿಂತರೆ ಎರಡನೇ ದಾರಿ ಯಾವುದು? ಅದರ ಬೆಲೆ ತಿಳಿದದ್ದು 2025ರ ಆರಂಭದಲ್ಲಿ, ಮುಷ್ಕರದಿಂದ ಯು-ಬಾನ್, ಅಂದರೆ ಇಲ್ಲಿನ ಮೆಟ್ರೊ, ಒಂದೂ ಓಡದ ದಿನ. ಎಸ್-ಬಾನ್ ಎಂಬ ನಗರ ರೈಲು ಓಡುತ್ತಿತ್ತು. ನಾನು ಆಫೀಸಿನಿಂದ ಯೋರ್ಕ್‌ಸ್ಟ್ರಾಸೆಯವರೆಗೆ ನಡೆದು, ಅಲ್ಲಿಂದ ರೈಲು ಹಿಡಿದು, ವರ್ತುಲ ರೈಲಿಗೆ ಬದಲಾಯಿಸಿ ನೊಯ್‌ಕೋಲ್ನ್‌ನಲ್ಲಿ ಇಳಿದೆ. ಉಳಿದ ಮುಕ್ಕಾಲು ಗಂಟೆ ನಡಿಗೆ. ಕೀಟಾ ಮುಚ್ಚುವ ಹೊತ್ತು ಮೀರಿತ್ತು. ಕೆಳಮಹಡಿಯ ತುರ್ಕಿ ಅಜ್ಜಿಯ ಹೆಸರನ್ನು, ಮಗುವನ್ನು ಕರೆದೊಯ್ಯಬಹುದಾದವರ ಪಟ್ಟಿಯಲ್ಲಿ ನಾವು ಮೊದಲೇ ಬರೆದು ಕೊಟ್ಟಿದ್ದೆವು. ಬೆವರಿಕೊಂಡು ಅವರ ಬಾಗಿಲಿಗೆ ಹೋದಾಗ ಚಿಕ್ಕವಳು ಬೇಳೆ ಸಾರಿನ ಬಟ್ಟಲಿಗೆ ರೊಟ್ಟಿ ಅದ್ದುತ್ತಾ ಕೂತಿದ್ದಳು. ಅಜ್ಜಿ ನನಗೂ ಒಂದು ಬಟ್ಟಲು ಇಟ್ಟರು.