ಊರಿನ ಡಿಗ್ರಿ, ಇಲ್ಲಿಯ ಮಾಸ್ಟರ್ಸ್: ದುಡ್ಡು ಕಟ್ಟುವ ಮುಂಚೆ ಕೇಳಿಕೊಳ್ಳಿ

ಅಮೆರಿಕಕ್ಕೆ ಬಂದು ಮನೆ, ಕಾರು, ಮಕ್ಕಳ ಸ್ಕೂಲು ಎಲ್ಲ ಒಂದು ಹದಕ್ಕೆ ಬಂದ ಮೇಲೆ ಬಹಳ ಮನೆಗಳಲ್ಲಿ ಏಳುವ ಮಾತು ಇದು: "ನಾನೂ ಇಲ್ಲಿ ಮಾಸ್ಟರ್ಸ್ ಮಾಡಬಹುದಾ? ನಮ್ಮೂರಿನ ಡಿಗ್ರಿ ಇಲ್ಲಿ ನಡೆಯುತ್ತಾ?" ಕನ್ನಡ ಕೂಟದ ಹಬ್ಬದೂಟದ ಸಾಲಿನಲ್ಲಿ ನಿಂತಾಗಲೂ ಇದೇ ಪ್ರಶ್ನೆ ಕಿವಿಗೆ ಬೀಳುತ್ತದೆ.

ನಡೆಯುತ್ತದೆ. ಆದರೆ ಶುರು ಮಾಡುವ ಕ್ರಮವೇ ಎಷ್ಟೋ ಸಲ ತಿರುವುಮುರುವಾಗಿರುತ್ತದೆ. ಮೊದಲು ಜಿಆರ್‌ಇ ಕೋಚಿಂಗ್‌ಗೆ ಸೇರುವುದು, ಆಮೇಲೆ ಡಿಗ್ರಿಯ ಮೌಲ್ಯಮಾಪನಕ್ಕೆ ದುಡ್ಡು ಕಟ್ಟುವುದು. ಕೊನೆಗೆ ನೋಡಿದರೆ ತಮಗೆ ಬೇಕಾದ ವಿಭಾಗ ಎರಡನ್ನೂ ಕೇಳಿರುವುದೇ ಇಲ್ಲ. ಮೊದಲು ವಿಭಾಗವನ್ನು ವಿಚಾರಿಸಿ, ಆಮೇಲೆ ಜೇಬಿಗೆ ಕೈ ಹಾಕಿ. ಈ ಲೇಖನದ ಸಾರ ಅಷ್ಟೆ.

ಯಾರನ್ನು, ಏನೆಂದು ಕೇಳಬೇಕು?

ಹೊರದೇಶದ ಡಿಗ್ರಿಗೆ ಮಾನ್ಯತೆ ಕೊಡುವ ಒಂದೇ ಸರ್ಕಾರಿ ಕಚೇರಿ ಎಂಬುದು ಅಮೆರಿಕದಲ್ಲಿ ಇಲ್ಲ. ಪ್ರತಿ ವಿಶ್ವವಿದ್ಯಾಲಯವೂ ತಾನೇ ತೀರ್ಮಾನಿಸುತ್ತದೆ. ಹಾಗಾಗಿ ಒಂದು ಕಡೆ ಬೇಡವೆಂದ ಡಿಗ್ರಿ ಪಕ್ಕದ ಊರಿನ ವಿಶ್ವವಿದ್ಯಾಲಯದಲ್ಲಿ ಸಲೀಸಾಗಿ ನಡೆಯಬಹುದು. ಅನೇಕ ಕಡೆ ಡಿಗ್ರಿಯನ್ನು ಅವರ ಸಿಬ್ಬಂದಿಯೇ ಪರಿಶೀಲಿಸುತ್ತಾರೆ. ಅರ್ಜಿ ಹಾಕುವಾಗ ಮಾರ್ಕ್ಸ್ ಕಾರ್ಡುಗಳ ಸ್ಕ್ಯಾನ್ ಸಾಕು, ಸೀಟು ಸಿಕ್ಕ ಮೇಲಷ್ಟೇ ಮೊಹರು ಮಾಡಿದ ಟ್ರಾನ್ಸ್‌ಕ್ರಿಪ್ಟ್ ಲಕೋಟೆ ಬೇಕಾಗುತ್ತದೆ. ಇನ್ನು ಕೆಲವರು ಡಬ್ಲ್ಯುಇಎಸ್, ಇಸಿಇ ತರಹದ ಸಂಸ್ಥೆಗಳ ವರದಿಯನ್ನೇ ಕೇಳುತ್ತಾರೆ. ಅದರಲ್ಲೂ ವಿಷಯವಾರು ವರದಿ ಬೇಕೋ, ಬರೀ ಡಿಗ್ರಿಯ ಸಮಾನತೆ ಸಾಕೋ ಎಂಬುದು ಬೇರೆ ಮಾತು. ಎರಡಕ್ಕೂ ಶುಲ್ಕ ಬೇರೆ ಬೇರೆ.

ವಿಭಾಗದ ಗ್ರಾಜುಯೇಟ್ ಕೋಆರ್ಡಿನೇಟರ್‌ಗೆ ಒಂದು ಇ-ಮೇಲ್ ಹಾಕಿ. ನಾಲ್ಕೇ ಪ್ರಶ್ನೆ: ನನ್ನ ಡಿಗ್ರಿಗೆ ಅರ್ಹತೆ ಇದೆಯೇ? ಮೌಲ್ಯಮಾಪನ ವರದಿ ಬೇಕೇ? ಜಿಆರ್‌ಇ ಬೇಕೇ? ಕಾಲೇಜಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೇನೆ ಎಂಬ ಪತ್ರ ಕೊಟ್ಟರೆ ಟೋಫೆಲ್ ಬಿಡುತ್ತೀರಾ? ಈಗ ಎಷ್ಟೋ ವಿಭಾಗಗಳು ಜಿಆರ್‌ಇ ಕೈಬಿಟ್ಟಿವೆ. ಬೇಕೆಂದರೂ, 2023ರ ಸೆಪ್ಟೆಂಬರ್‌ನಿಂದ ಆ ಪರೀಕ್ಷೆ ಎರಡು ಗಂಟೆಯೊಳಗೆ ಮುಗಿಯುತ್ತದೆ. ಜಿಆರ್‌ಇ ಅಂಕ 5 ವರ್ಷ, ಟೋಫೆಲ್ ಅಂಕ 2 ವರ್ಷ ಚಾಲ್ತಿಯಲ್ಲಿರುತ್ತದೆ. ಬೇಗ ಬರೆದಿಟ್ಟುಕೊಂಡು ಲಾಭವಿಲ್ಲ.

ಮೂರು ವರ್ಷದ ಡಿಗ್ರಿಯವರಿಗೆ

ಬಿ.ಇ., ಬಿ.ಟೆಕ್. ಮಾಡಿದವರಿಗೆ ನಾಲ್ಕು ವರ್ಷದ ಲೆಕ್ಕ ಸರಿಹೋಗುತ್ತದೆ. ತೊಡಕು ಇರುವುದು ಬಿ.ಎ., ಬಿ.ಕಾಂ., ಬಿ.ಎಸ್ಸಿ., ಬಿ.ಸಿ.ಎ., ಬಿ.ಬಿ.ಎಂ. ಮಾಡಿದವರಿಗೆ. ಇಲ್ಲಿ ಪದವಿ ಎಂದರೆ ನಾಲ್ಕು ವರ್ಷ, ಒಟ್ಟು ಹದಿನಾರು ವರ್ಷದ ಓದು. ನಮ್ಮಲ್ಲಿ ಪಿಯುಸಿ ಸೇರಿಸಿ ಹದಿನೈದಕ್ಕೇ ಮುಗಿಯುತ್ತದೆ.

ಇಷ್ಟಕ್ಕೇ ಕೈಚೆಲ್ಲಬೇಕಿಲ್ಲ. ಊರಿನಲ್ಲಿ ಎಂ.ಕಾಂ., ಎಂ.ಎಸ್ಸಿ. ಮುಗಿಸಿದ್ದರೆ ಎರಡೂ ಸೇರಿ ಹದಿನೇಳಾಗುತ್ತದೆ, ಸಾಮಾನ್ಯವಾಗಿ ತಕರಾರು ಬರುವುದಿಲ್ಲ. ಕೆಲವು ಮೌಲ್ಯಮಾಪನ ಸಂಸ್ಥೆಗಳು ವಿಶ್ವವಿದ್ಯಾಲಯದ ಗುಣಮಟ್ಟಕ್ಕೆ ಕೊಟ್ಟ ನ್ಯಾಕ್ ಶ್ರೇಣಿ, ನಿಮ್ಮ ಕ್ಲಾಸು ಎರಡನ್ನೂ ನೋಡಿ ಮೂರು ವರ್ಷದ ಡಿಗ್ರಿಯನ್ನೂ ಇಲ್ಲಿಯ ಪದವಿಗೆ ಸಮ ಎಂದು ಬರೆದುಕೊಡುತ್ತವೆ. ಆ ವರದಿಯನ್ನು ನಿಮ್ಮ ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂದು ಕೇಳಿಕೊಂಡೇ ಶುಲ್ಕ ಕಟ್ಟಿ. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಆ ನಡುವಿನ ಬ್ಯಾಚಿನವರು ನಾಲ್ಕನೇ ವರ್ಷ ಓದಿದ್ದರೆ ಆ ಮಾರ್ಕ್ಸ್ ಕಾರ್ಡನ್ನು ಜೋಪಾನವಾಗಿಡಿ.

ಲಕೋಟೆ ಊರಿನಿಂದ ಬರಬೇಕು

ಇಡೀ ಕೆಲಸದಲ್ಲಿ ಹೆಚ್ಚು ದಿನ ಹಿಡಿಯುವುದು ಟ್ರಾನ್ಸ್‌ಕ್ರಿಪ್ಟ್. ಯಾವ ಕಚೇರಿಗೆ ಹೋಗಬೇಕು ಎಂಬಲ್ಲೇ ಗೊಂದಲ. ಕಾಲೇಜು ಈಗ ಎಲ್ಲಿಗೆ ಸೇರಿದೆ ಎಂಬುದು ಮುಖ್ಯವಲ್ಲ, ಘಟಿಕೋತ್ಸವ ಪ್ರಮಾಣಪತ್ರದಲ್ಲಿ ಯಾರ ಹೆಸರಿದೆಯೋ ಅವರ ಬಾಗಿಲೇ ತಟ್ಟಬೇಕು. ಬೆಳಗಾವಿಯ ವಿಟಿಯು ಶುರುವಾದದ್ದು 1998ರಲ್ಲಿ. ಅದಕ್ಕೆ ಮೊದಲು ಎಂಜಿನಿಯರಿಂಗ್ ಮುಗಿಸಿದವರ ಡಿಗ್ರಿ ಬೆಂಗಳೂರು, ಮೈಸೂರು, ಕರ್ನಾಟಕ ವಿಶ್ವವಿದ್ಯಾಲಯಗಳಂಥವುಗಳದ್ದು. ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾಗಿದ್ದರೂ ಹಳೆಯ ಪ್ರಮಾಣಪತ್ರದವರು ವಿಚಾರಿಸಬೇಕಾದ್ದು ಅದರ ಜ್ಞಾನಭಾರತಿ ಆವರಣದಲ್ಲೇ. ಸ್ವಾಯತ್ತ ಕಾಲೇಜಿನಲ್ಲಿ ಓದಿದವರು ಕಾಲೇಜಿನ ಪರೀಕ್ಷಾ ವಿಭಾಗದ ಟ್ರಾನ್ಸ್‌ಕ್ರಿಪ್ಟ್ ಸಾಕೋ, ವಿಶ್ವವಿದ್ಯಾಲಯದ್ದೇ ಬೇಕೋ ಎಂದು ಮೊದಲೇ ತಿಳಿದುಕೊಳ್ಳಿ.

ಆನ್‌ಲೈನ್ ಅರ್ಜಿ ಇದ್ದರೆ ಸರಿ. ಇಲ್ಲವಾದರೆ ಅಪ್ಪನೋ ತಮ್ಮನೋ ಮೌಲ್ಯಮಾಪನ ಕುಲಸಚಿವರ ಕಚೇರಿಗೆ ಅಲೆಯಬೇಕು. ಅವರನ್ನು ಬರಿಗೈಲಿ ಕಳಿಸಬೇಡಿ: ನಿಮ್ಮ ಸಹಿಯ ಅಧಿಕಾರ ಪತ್ರ, ನಿಮ್ಮ ಮತ್ತು ಅವರ ಗುರುತಿನ ಚೀಟಿಯ ಪ್ರತಿ, ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡು, ಶುಲ್ಕದ ರಸೀದಿ. ಬ್ಯಾಕ್ ಉಳಿಸಿಕೊಂಡು ಮತ್ತೆ ಬರೆದ ಪೇಪರುಗಳ ಕಾರ್ಡೂ ಇರಲಿ. ಕೈಗೆ ಬರುವ ಲಕೋಟೆಯ ಅಂಟಿಸಿದ ಅಂಚಿನ ಮೇಲೆ ಕಚೇರಿಯ ಮೊಹರು ಬಿದ್ದಿರಬೇಕು. "ಒಳಗೆ ಸರಿಯಾಗಿದೆಯಾ ನೋಡೋಣ" ಎಂದು ಮನೆಯಲ್ಲಿ ಯಾರಾದರೂ ಒಡೆದರೆ ಅದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹೋದ ಕೈಯಲ್ಲೇ ಎರಡು ಮೂರು ಲಕೋಟೆ ಮಾಡಿಸಿಟ್ಟುಕೊಳ್ಳುವುದು ಜಾಣತನ.

ಹೆಸರು, ಅಂಕ

ಮಾರ್ಕ್ಸ್ ಕಾರ್ಡಿನಲ್ಲಿ "ಕವಿತಾ ಕೆ.ಆರ್.", ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಊರು ಮತ್ತು ತಂದೆಯ ಹೆಸರು, ಮದುವೆಯಾದ ಮೇಲಿನ ದಾಖಲೆಯಲ್ಲಿ ಗಂಡನ ಹೆಸರು. ನಮಗೆ ಮೂರೂ ಒಬ್ಬರೇ. ಇಲ್ಲಿಯ ಗುಮಾಸ್ತರಿಗೆ ಮೂವರು. ಅರ್ಜಿಯನ್ನು ಪಾಸ್‌ಪೋರ್ಟಿನಲ್ಲಿರುವಂತೆ ತುಂಬಿ, ಹಿಂದಿನ ಹೆಸರು ಕೇಳುವ ಜಾಗದಲ್ಲಿ ಮಾರ್ಕ್ಸ್ ಕಾರ್ಡಿನ ಹೆಸರು ಕೊಡಿ. ಮೂರೂ ಒಬ್ಬರದೇ ಎನ್ನುವ ಅಫಿಡವಿಟ್, ಮದುವೆ ನೋಂದಣಿ ಪತ್ರ ಜೊತೆಗಿರಲಿ.

ಅಂಕಗಳನ್ನು ನಾಲ್ಕರ ಜಿಪಿಎಗೆ ನೀವೇ ಇಳಿಸಲು ಹೋಗಬೇಡಿ. ಬೇರೆ ಸೂಚನೆ ಇಲ್ಲದಿದ್ದರೆ ಶೇಕಡಾವಾರು ಇದ್ದರೆ ಶೇಕಡಾ, ಹತ್ತರ ಮಾಪನವಿದ್ದರೆ ಹತ್ತರಲ್ಲೇ ಬರೆಯಿರಿ. ಇಲ್ಲಿ ನೂರಕ್ಕೆ 70 ಎಂದರೆ ಸಾಧಾರಣ, ವಿಟಿಯುನಲ್ಲಿ ಅದು ಡಿಸ್ಟಿಂಕ್ಷನ್. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕ್ಲಾಸುಗಳ ವಿವರಣೆ ಇರುವ ಪುಟವನ್ನೂ ತಪ್ಪದೆ ಲಗತ್ತಿಸಿ. ರ್‍ಯಾಂಕ್ ಬಂದಿದ್ದರೆ ಸಂಕೋಚ ಬೇಡ, ಆ ಪ್ರಮಾಣಪತ್ರವನ್ನೂ ಹಾಕಿ.

ಎಚ್-4ನಲ್ಲೇ ಓದುವುದೋ, ಎಫ್-1ಗೆ ಹೋಗುವುದೋ

ಗಂಡ ಅಥವಾ ಹೆಂಡತಿಯ ಕೆಲಸದ ವೀಸಾವನ್ನು ಅವಲಂಬಿಸಿದ ಎಚ್-4ನಲ್ಲಿ ಪೂರ್ಣಾವಧಿಯೂ ಓದಬಹುದು, ಒಂದೊಂದೇ ಕೋರ್ಸ್ ಮಾಡುತ್ತಲೂ ಓದಬಹುದು. ಟೆಕ್ಸಾಸ್, ಕ್ಯಾಲಿಫೋರ್ನಿಯಾ ಸೇರಿ ಹಲವು ರಾಜ್ಯಗಳಲ್ಲಿ, ವರ್ಷವೊಂದರ ವಾಸ ಮುಂತಾದ ಷರತ್ತು ಪೂರೈಸಿದರೆ ಸ್ಥಳೀಯರ ಫೀಸೇ ಸಿಗುತ್ತದೆ. ಆದರೆ ಕೆಲಸದ ಪರವಾನಗಿ ಇಲ್ಲದಿದ್ದರೆ ಸಂಬಳದ ಅಸಿಸ್ಟೆಂಟ್‌ಶಿಪ್ ಮಾಡುವಂತಿಲ್ಲ. ವಿದ್ಯಾರ್ಥಿ ವೀಸಾ ಎಫ್-1ರಲ್ಲಿ ಅಸಿಸ್ಟೆಂಟ್‌ಶಿಪ್ ಉಂಟು. ಓದು ಮುಗಿದ ಮೇಲೆ ಕೆಲಸ ಮಾಡಲು 12 ತಿಂಗಳ ಒಪಿಟಿ, ವಿಜ್ಞಾನ-ತಂತ್ರಜ್ಞಾನದ ವಿಷಯಗಳಿಗೆ ಇನ್ನೂ 24 ತಿಂಗಳು. ಅದಕ್ಕೆ ಪ್ರತಿಯಾಗಿ ಪೂರ್ಣಾವಧಿ ಓದು ಕಡ್ಡಾಯ, ಫೀಸೂ ಸಾಮಾನ್ಯವಾಗಿ ಹೊರಗಿನವರದೇ. ಎಲ್-2ನಲ್ಲಿ ಬಂದ ಗಂಡ ಅಥವಾ ಹೆಂಡತಿಗೆ 2021ರ ನವೆಂಬರ್‌ನಿಂದ ಪ್ರತ್ಯೇಕ ಪರವಾನಗಿಯಿಲ್ಲದೆ ಕೆಲಸಕ್ಕೆ ಅವಕಾಶವಿದೆ. ಅವರಿಗೆ ಈ ತಲೆನೋವು ಕಡಿಮೆ. ಚಿಕ್ಕ ಮಕ್ಕಳಿದ್ದು, ಮನೆಗೆ ಒಂದು ಸಂಬಳ ಸಾಕು ಎನ್ನುವವರಿಗೆ ಎಚ್-4ನಲ್ಲೇ ನಿಧಾನವಾಗಿ ಓದುವುದು ಹೊಂದುತ್ತದೆ. ಓದು ಮುಗಿದ ಕೂಡಲೇ ಕೆಲಸಕ್ಕೆ ಸೇರಲೇಬೇಕು, ಪರವಾನಗಿ ಸದ್ಯಕ್ಕೆ ಬರುವಂತಿಲ್ಲ ಎನ್ನುವವರು ಎಫ್-1 ಯೋಚಿಸಲಿ. ವೀಸಾ ಬದಲಿಸುವ ಮುಂಚೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನೂ ವಲಸೆ ವಕೀಲರನ್ನೂ ಕೇಳಿ, ನಿಯಮಗಳು ಬದಲಾಗುತ್ತಿರುತ್ತವೆ.

ಓದು ಬಿಟ್ಟು ಹತ್ತು ವರ್ಷವಾಗಿದ್ದರೆ

ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಬೇಕು. ಪಾಠ ಹೇಳಿದವರು ನಿವೃತ್ತರಾಗಿರುತ್ತಾರೆ, ನಿಮ್ಮ ಹೆಸರು ನೆನಪಿರುವುದೂ ಅನುಮಾನ. ಇದಕ್ಕೆ ಒಳ್ಳೆಯ ದಾರಿ, ಹತ್ತಿರದ ವಿಶ್ವವಿದ್ಯಾಲಯದಲ್ಲಿ ಡಿಗ್ರಿಗೆ ಸೇರದೆ ಒಂದೆರಡು ಕೋರ್ಸ್ ಮಾಡುವುದು. ಎಚ್-4ನವರು ವಿದ್ಯಾರ್ಥಿ ವೀಸಾಕ್ಕೆ ಬೇಕಾಗುವ ಐ-20 ಪತ್ರ ಇಲ್ಲದೆಯೇ ಇದನ್ನು ಮಾಡಬಹುದು. ಇಲ್ಲಿಯದೇ ಒಂದು 'ಎ' ಗ್ರೇಡ್ ಸಿಗುತ್ತದೆ, ನಿಮ್ಮನ್ನು ಬಲ್ಲ ಪ್ರೊಫೆಸರೊಬ್ಬರು ಸಿಗುತ್ತಾರೆ, ಮತ್ತೆ ಓದುವುದು ಕೈಹಿಡಿಯುತ್ತದೆಯೇ ಎಂದೂ ಗೊತ್ತಾಗುತ್ತದೆ. ಮನೆ ಬಿಟ್ಟು ಹೋಗಲಾಗದವರು ಆನ್‌ಲೈನ್ ಮಾಸ್ಟರ್ಸ್ ನೋಡಬಹುದು. ಜಾರ್ಜಿಯಾ ಟೆಕ್ 2014ರಲ್ಲಿ ಶುರು ಮಾಡಿದ ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್‌ನ ಪೂರ್ತಿ ಫೀಸು 10,000 ಡಾಲರ್‌ಗಿಂತ ಕಡಿಮೆ.

ಆಗಸ್ಟ್ ತರಗತಿಗೆ ಬಹಳಷ್ಟು ವಿಭಾಗಗಳ ಕೊನೆಯ ದಿನ ಡಿಸೆಂಬರ್, ಜನವರಿಯ ಹೊತ್ತಿಗೆ ಬರುತ್ತದೆ. ಅಂದರೆ ಊರಿನಲ್ಲಿ ಟ್ರಾನ್ಸ್‌ಕ್ರಿಪ್ಟ್ ಕೆಲಸ ಗಣೇಶನ ಹಬ್ಬದೊಳಗೆ ಶುರುವಾಗಿರಬೇಕು. ದಸರಾ ರಜೆ ಬಂದರೆ ಕಚೇರಿಗಳ ಬಾಗಿಲು ಮುಚ್ಚುತ್ತದೆ. ಈ ವಾರ ಎರಡೇ ಕೆಲಸ ಮಾಡಿ. ಮೂರು ವಿಭಾಗಗಳಿಗೆ ಆ ನಾಲ್ಕು ಪ್ರಶ್ನೆಯ ಇ-ಮೇಲ್ ಕಳಿಸಿ. ಬೀರುವಿನಲ್ಲಿರುವ ಮಾರ್ಕ್ಸ್ ಕಾರ್ಡುಗಳನ್ನೆಲ್ಲ ತೆಗೆದು ಸ್ಕ್ಯಾನ್ ಮಾಡಿ. ಎರಡಕ್ಕೂ ಒಂದು ಡಾಲರ್ ಖರ್ಚಿಲ್ಲ. ಉತ್ತರ ಬಂದ ಮೇಲೆ ಮುಂದಿನ ಕಾರ್ಯಕ್ರಮಕ್ಕೆ ಬಂದಾಗ ಹೇಳಿ. ಅದೇ ವಿಶ್ವವಿದ್ಯಾಲಯದಲ್ಲಿ ಓದಿದವರು ಕೂಟದಲ್ಲಿದ್ದರೆ ಕೂರಿಸಿ ಮಾತಾಡಿಸೋಣ.