ತಿಳಿಸದೆ ಹೊರಗೆ ಕೊಟ್ಟ ಕೆಲಸ: ವಿದೇಶಿ ಉಡುಪು ಕಂಪನಿಗಳ ಕ್ರಮ

ವಿದೇಶಿ ಉಡುಪು ಕಂಪನಿಯ ಆರ್ಡರು ಬಂದಾಗ ಬೆಲೆಯನ್ನೂ ರವಾನೆಯ ದಿನಾಂಕವನ್ನೂ ನಾವು ಎರಡೆರಡು ಬಾರಿ ಓದುತ್ತೇವೆ. ಜೊತೆಗೆ ಲಗತ್ತಿಸಿದ ನೀತಿಸಂಹಿತೆಗೆ ಓದದೆಯೇ ಸಹಿ ಹಾಕುತ್ತೇವೆ. ಖರೀದಿದಾರರ ಒಪ್ಪಿಗೆಯಿಲ್ಲದೆ ಕೆಲಸವನ್ನು ಹೊರಗೆ ಕೊಡಕೂಡದೆಂಬ ಷರತ್ತು ಇರುವುದು ಅದರಲ್ಲಿಯೇ.

2007ರ ಅಕ್ಟೋಬರಿನಲ್ಲಿ, ಗ್ಯಾಪ್ ಕಂಪನಿಯ ಮಕ್ಕಳ ಉಡುಪಿಗೆ ದೆಹಲಿಯಲ್ಲಿ ಬಾಲಕರು ಕಸೂತಿ ಹಾಕುತ್ತಿದ್ದುದನ್ನು ಬ್ರಿಟನ್ನಿನ ಅಬ್ಸರ್ವರ್ ಪತ್ರಿಕೆ ಬಯಲಿಗೆಳೆಯಿತು. ಸರಬರಾಜುದಾರರು ಆ ಕೆಲಸವನ್ನು ಅನುಮತಿಯಿಲ್ಲದೆ ಉಪಗುತ್ತಿಗೆ ಕೊಟ್ಟಿದ್ದರು. ಗ್ಯಾಪ್ ಆ ಉಡುಪನ್ನು ಮಾರಾಟದಿಂದಲೇ ಹಿಂತೆಗೆದುಕೊಂಡಿತು. ಆದರೆ ಸರಬರಾಜುದಾರರನ್ನು ಪೂರ್ಣವಾಗಿ ಕೈಬಿಡದೆ, ಆರ್ಡರುಗಳನ್ನು ಕಡಿತಗೊಳಿಸಿ ಪರೀಕ್ಷಾವಧಿಯಲ್ಲಿರಿಸಿತು.

2008ರ ಜೂನ್ ತಿಂಗಳಲ್ಲಿ ಪ್ರೈಮಾರ್ಕ್ ಅನುಸರಿಸಿದ ಮಾರ್ಗ ಬೇರೆ. ಬಿಬಿಸಿಯ ಪನೋರಮಾ ಕಾರ್ಯಕ್ರಮದ ತನಿಖೆಯ ಬಳಿಕ, ಅನುಮತಿಯಿಲ್ಲದೆ ಕೆಲಸವನ್ನು ಮನೆಗಳಿಗೆ ಹಂಚಿದ್ದರೆಂದು ದಕ್ಷಿಣ ಭಾರತದ ಮೂರು ಸಂಸ್ಥೆಗಳೊಡನೆ ಅದು ವ್ಯವಹಾರವನ್ನೇ ಕಡಿದುಕೊಂಡಿತು. ಆ ಕಾರ್ಯಕ್ರಮದಲ್ಲಿ ಬೆಂಗಳೂರಿನದೆಂದು ತೋರಿಸಿದ್ದ ಬಾಲಕರ ದೃಶ್ಯವು ನೈಜವಲ್ಲದಿರುವ ಸಂಭವವೇ ಹೆಚ್ಚೆಂದು 2011ರಲ್ಲಿ ಬಿಬಿಸಿ ಟ್ರಸ್ಟ್ ತೀರ್ಮಾನಿಸಿತು. ಬಿಬಿಸಿ ಕ್ಷಮೆ ಕೇಳಿತು. ಆದರೂ ಕೆಲಸ ಹಂಚಿದ್ದಕ್ಕೆ ಇತರ ಸಾಕ್ಷ್ಯಗಳು ಉಳಿದೇ ಇದ್ದವು.

ನನ್ನ ಅಭಿಪ್ರಾಯದಲ್ಲಿ ಗ್ಯಾಪ್ ಮಾರ್ಗವೇ ನ್ಯಾಯಸಮ್ಮತ. ಸಂಬಂಧ ಕಡಿದುಕೊಂಡರೆ ಕಂಪನಿಯ ಹೆಸರು ಉಳಿಯುತ್ತದೆ, ಕಾರ್ಮಿಕರ ಕೂಲಿ ಹೋಗುತ್ತದೆ. ಕಡಿಮೆ ದರಕ್ಕೆ, ಕಡಿಮೆ ಅವಧಿಯಲ್ಲಿ ಮಾಲು ಕೇಳಿದವರಿಗೂ ಇದರಲ್ಲಿ ಪಾಲುಂಟು. ಆದರೆ ಯಾವ ಮಾರ್ಗ ಹಿಡಿಯಬೇಕೆಂಬ ಆಯ್ಕೆ ಅವರದು, ನಮ್ಮದಲ್ಲ.

ಈ ಲೋಪ ಪತ್ರಿಕೆಗಳಿಂದಲೇ ಬಯಲಾಗಬೇಕೆಂದಿಲ್ಲ, ಲೆಕ್ಕದಿಂದಲೂ ಬಯಲಾಗುತ್ತದೆ. ದಿನಕ್ಕೆ 1,000 ಉಡುಪು ಹೊಲಿಯಬಲ್ಲ ಕಾರ್ಖಾನೆ 25 ದಿನಗಳಲ್ಲಿ 25,000 ಹೊಲಿದೀತು. ರವಾನೆಯಾದದ್ದು 40,000 ಆಗಿದ್ದು, ಹಾಜರಿ ಪುಸ್ತಕದಲ್ಲಿ ಹೆಚ್ಚುವರಿ ಅವಧಿಯ ದುಡಿಮೆಯೂ ಇಲ್ಲದಿದ್ದರೆ, ಉಳಿದ 15,000 ಎಲ್ಲಿಯವು? ಲೆಕ್ಕ ಪರಿಶೋಧಕರಿಗೆ ಇಷ್ಟು ಸಾಕು. ಮೇಲಾಗಿ ಜಿಎಸ್‌ಟಿ ಕಾಯಿದೆಯ 143ನೇ ಕಲಮಿನನ್ವಯ ಜಾಬ್‌ವರ್ಕಿಗೆ ಹೋದ ಮಾಲಿಗೆ ಚಲನ್ ಇರಬೇಕು, ಐಟಿಸಿ-04ರಲ್ಲಿ ಅದರ ವಿವರ ಸಲ್ಲಬೇಕು. ಸರ್ಕಾರಕ್ಕೆ ತಿಳಿಸಿ ಖರೀದಿದಾರರಿಗೆ ಮುಚ್ಚಿಟ್ಟರೆ ನಮ್ಮ ಕಡತವೇ ನಮಗೆ ಎದುರು ಸಾಕ್ಷಿ. ಇಬ್ಬರಿಗೂ ಮುಚ್ಚಿಟ್ಟರೆ ತೆರಿಗೆ ಇಲಾಖೆಯ ನೋಟೀಸು ಬೇರೆ.

ಆದುದರಿಂದ ಆರ್ಡರು ಒಪ್ಪಿಕೊಳ್ಳುವ ಮೊದಲೇ ಸಾಮರ್ಥ್ಯದ ಲೆಕ್ಕ ಹಾಕತಕ್ಕದ್ದು. ಕೆಲಸ ಹೊರಗೆ ಕೊಡಬೇಕಾದಲ್ಲಿ ಜಾಬ್‌ವರ್ಕರನ ಹೆಸರು, ವಿಳಾಸ, ಕೆಲಸದ ಸ್ವರೂಪಗಳನ್ನು ಖರೀದಿದಾರರಿಗೆ ಬರೆದು ತಿಳಿಸಿ, ಲಿಖಿತ ಒಪ್ಪಿಗೆ ಕೈಸೇರಿದ ನಂತರವೇ ಬಟ್ಟೆಯನ್ನು ಕಳುಹಿಸತಕ್ಕದ್ದು. ಒಪ್ಪಿಗೆ ದೊರೆಯದಿದ್ದರೆ ರವಾನೆಯ ದಿನಾಂಕವನ್ನು ಮುಂದಕ್ಕೆ ಹಾಕಲು ಕೇಳಬಹುದು, ಇಲ್ಲವೇ ಅಷ್ಟು ಉಡುಪುಗಳನ್ನು ಆರ್ಡರಿನಿಂದ ಬಿಡಬಹುದು.