ನೆಲದ ಟೈಲಿನ ಚಕ್ಕೆ: ಕಾರಣವೂ ದುರಸ್ತಿಯೂ

ನಮ್ಮ ಅಡುಗೆಮನೆಯಲ್ಲಿ ಒಂದು ದಿನ ದೋಸೆಯ ಕಾವಲಿಯು ಕೈಜಾರಿ ಅಂಚು ಕೆಳಗಾಗಿ ಬಿದ್ದಿತು. ಕಾವಲಿಗೆ ಏನೂ ಆಗಲಿಲ್ಲ. ನೆಲದ ಟೈಲಿನಿಂದ ಹುಣಿಸೆಬೀಜದಷ್ಟು ಚಕ್ಕೆಯೊಂದು ಹಾರಿತು. ಆ ಕುಳಿಗೆ ಬಿಳಿ ಸಿಮೆಂಟನ್ನು ಮೆತ್ತಿ ನಿಶ್ಚಿಂತರಾದೆವು. ತಿಂಗಳೊಳಗಾಗಿ ಸಿಮೆಂಟು ಪುಡಿಯಾಗಿ ಪೊರಕೆಯ ಪಾಲಾಯಿತು. ಕುಳಿಯ ಹರಿತವಾದ ಅಂಚು ಮಗುವಿನ ಹೆಬ್ಬೆರಳನ್ನು ಕೊಯ್ದಿತು. ಬರಿಗಾಲಿನಲ್ಲಿ ನಡೆದಾಡುವ ಮನೆಗಳಲ್ಲಿ ಇದು ಅಲಕ್ಷಿಸತಕ್ಕ ವಿಷಯವಲ್ಲ. ಟೈಲು ಏಕೆ ಒಡೆಯಿತೆಂಬುದನ್ನು ವಿಚಾರಿಸದೆ ಅದನ್ನು ಸರಿಪಡಿಸಲು ಹೊರಟದ್ದೇ ನಮ್ಮ ತಪ್ಪು.

ಚಕ್ಕೆ ಏಳುವುದೇಕೆ?

ಜೇಡಿಮಣ್ಣು, ಫೆಲ್ಡ್‌ಸ್ಪಾರ್, ಬೆಣಚುಕಲ್ಲು ಇವುಗಳ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, 1,000 ಡಿಗ್ರಿ ಸೆಲ್ಸಿಯಸ್ಸಿಗೂ ಮಿಗಿಲಾದ ಉಷ್ಣತೆಯಲ್ಲಿ ಸುಟ್ಟು ಟೈಲುಗಳನ್ನು ತಯಾರಿಸುತ್ತಾರೆ. ಪೆಟ್ಟು ಬಿದ್ದಾಗ ತಾಮ್ರದ ತಗಡು ತಗ್ಗಾಗುತ್ತದೆ. ಟೈಲು ತಗ್ಗಲಾರದು, ಒಡೆಯುತ್ತದೆ. ಇಂತಹ ವಸ್ತುವಿಗೆ ಭಂಗುರವೆಂದು ಹೆಸರು.

1 ಕಿಲೋಗ್ರಾಂ ತೂಕದ ಕಾವಲಿಯು 1 ಮೀಟರ್ ಎತ್ತರದಿಂದ ಬಿದ್ದರೆ ಅದರ ಶಕ್ತಿ ಸುಮಾರು 9.8 ಜೂಲ್. ನೆಲವನ್ನು ಮುಟ್ಟಿದ ಮೇಲೆ ಅದು 1 ಮಿಲಿಮೀಟರ್ ದೂರದಲ್ಲಿ ನಿಂತಿತೆಂದು ಭಾವಿಸೋಣ. ಆಗ ಸರಾಸರಿ ಬಲ ಸುಮಾರು 9,800 ನ್ಯೂಟನ್. ಅಂದರೆ 1,000 ಕಿಲೋಗ್ರಾಂ ವಸ್ತುವಿನ ಭಾರದಷ್ಟು! ದಪ್ಪ ಚಾಪೆಯ ಮೇಲೆ ಬಿದ್ದು 1 ಸೆಂಟಿಮೀಟರ್ ದೂರದಲ್ಲಿ ನಿಂತರೆ ಬಲವು ಅದರ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ.

ಇಂಗ್ಲೆಂಡಿನ ಎ. ಎ. ಗ್ರಿಫಿತ್ ಎಂಬ ವಿಜ್ಞಾನಿಯು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಗಾಜಿನಂತಹ ಭಂಗುರ ವಸ್ತುಗಳ ದೌರ್ಬಲ್ಯಕ್ಕೆ ಅವುಗಳಲ್ಲಿರುವ ಸೂಕ್ಷ್ಮ ಬಿರುಕುಗಳೇ ಕಾರಣವೆಂದು ತೋರಿಸಿದನು. ಬಿರುಕಿನ ಮೊನೆಯಲ್ಲಿ ಪೀಡನವು ಒಂದೆಡೆ ಸಾಂದ್ರವಾಗುತ್ತದೆ. ಚಕ್ಕೆ ಎದ್ದ ಅಂಚಿನಲ್ಲಿ ಇಂತಹ ಬಿರುಕುಗಳು ಉಳಿದಿರುವುದರಿಂದಲೇ ಒಮ್ಮೆ ಒಡೆದ ಜಾಗವು ಮತ್ತೆ ಮತ್ತೆ ಒಡೆಯುತ್ತದೆ.

ಮೊದಲು ತಟ್ಟಿ ನೋಡಬೇಕು

ನಾಣ್ಯವೊಂದರಿಂದ ಟೈಲನ್ನು ಅಲ್ಲಲ್ಲಿ ತಟ್ಟಿರಿ. ಗಟ್ಟಿಯಾದ ಚುಟುಕು ಸದ್ದು ಬಂದರೆ ಕೆಳಗಿನ ಗಾರೆ ಅಂಟಿಕೊಂಡಿದೆ. ಟೊಳ್ಳು ಸದ್ದು ಬಂದರೆ ಕೆಳಗೆ ಪೊಳ್ಳಿದೆ. ಆಧಾರವಿಲ್ಲದ ಟೈಲು ಹಲಗೆಯಂತೆ ಬಾಗಿ ಕಂಪಿಸುತ್ತದೆ. ಬಾಗಿದಾಗ ಅದರ ಕೆಳಮೈ ಎಳೆತಕ್ಕೆ ಒಳಗಾಗುತ್ತದೆ. ಒತ್ತಡವನ್ನು ಚೆನ್ನಾಗಿ ತಡೆಯುವ ಟೈಲು ಎಳೆತವನ್ನು ತಾಳಲಾರದು. ಅಂತಹ ಟೈಲಿನ ಕುಳಿಯನ್ನು ಮುಚ್ಚುವುದು ವ್ಯರ್ಥ. ಅದನ್ನು ಕಿತ್ತು ಬೇರೆಯದನ್ನು ಕೂರಿಸುವುದೇ ಲೇಸು.

ದುರಸ್ತಿಯ ಕ್ರಮ

ನಮ್ಮ ಬಿಳಿ ಸಿಮೆಂಟು ಏಕೆ ನಿಲ್ಲಲಿಲ್ಲ? ಸಿಮೆಂಟು ಗಟ್ಟಿಯಾಗಲು ನೀರು ಬೇಕು. ಟೈಲಿನ ಒಳಮೈಯ ಸಣ್ಣ ರಂಧ್ರಗಳು ಆ ನೀರನ್ನು ಹೀರಿಬಿಟ್ಟವು. ಉಳಿದದ್ದು ಆರಿದಂತೆ ಸಿಮೆಂಟು ಕುಗ್ಗಿತು. ನುಣುಪಾದ ಮೆರುಗಿನ ಮೇಲೆ ಅದಕ್ಕೆ ಹಿಡಿತವೂ ಸಿಗಲಿಲ್ಲ.

ಎಪಾಕ್ಸಿ ಅಂಟಿನ ಬಗೆಯೇ ಬೇರೆ. ರಾಳ ಮತ್ತು ಗಟ್ಟಿಕಾರಕ ಎಂಬ ಅದರ ಎರಡು ಭಾಗಗಳು ಬೆರೆತಾಗ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಂತಾಗುತ್ತವೆ. ಇದು ಆರುವಿಕೆಯಲ್ಲ, ರಾಸಾಯನಿಕ ಕ್ರಿಯೆ. ಆದುದರಿಂದ ಕುಗ್ಗುವುದು ಅಲ್ಪ. ಪ್ರಮಾಣ ತಪ್ಪಿದರೆ ಜೊತೆ ಸಿಗದ ಅಣುಗಳು ಉಳಿದು ಅಂಟು ಜಿಗುಟಾಗಿಯೇ ಇರುತ್ತದೆ.

ಕುಳಿಯಲ್ಲಿ ಸಡಿಲವಾಗಿರುವ ಚೂರುಗಳನ್ನು ತೆಗೆದು, ಜಿಡ್ಡನ್ನು ತೊಳೆದು, ಒಂದು ದಿನ ಪೂರ್ತಿಯಾಗಿ ಒಣಗಲು ಬಿಡಿರಿ. ಅಂಚಿನ ಸುತ್ತ ಅಂಟುಪಟ್ಟಿ ಹಚ್ಚಿರಿ. ಪೊಟ್ಟಣದ ಮೇಲೆ ಸೂಚಿಸಿರುವ ಪ್ರಮಾಣದಲ್ಲಿ ಎರಡು ಭಾಗಗಳನ್ನೂ ಕಲಸಿ, ಅಮೃತಶಿಲೆಯ ನಯವಾದ ಪುಡಿಯನ್ನೂ ಒಪ್ಪುವ ಬಣ್ಣದ ಪುಡಿಯನ್ನೂ ಸೇರಿಸಿರಿ. ಕುಳಿಯನ್ನು ತುಸು ಉಬ್ಬುವಂತೆ ತುಂಬಿ, ಒಂದು ದಿನ ಯಾರೂ ತುಳಿಯದಂತೆ ನೋಡಿಕೊಳ್ಳಿರಿ. ಅನಂತರ ಉಬ್ಬನ್ನು ಬ್ಲೇಡಿನಿಂದ ಹೆರೆದು, ನೀರು ಹಚ್ಚಿದ ನಯವಾದ ಉಜ್ಜುಕಾಗದದಿಂದ ಸಮಮಾಡಿರಿ. ಟೈಲಿನ ಮೆರುಗಿಗೆ ಕಾಗದ ತಗಲಬಾರದು. ಕೈಗವಸು ಧರಿಸಬೇಕು, ಕಿಟಕಿಗಳನ್ನು ತೆರೆದಿಡಬೇಕು.

ನಾವು ತುಂಬಿದ ಜಾಗ ಈಗ ಗಟ್ಟಿಯಾಗಿ ನಿಂತಿದೆ. ಬಗ್ಗಿ ನೋಡಿದರೆ ಬಣ್ಣದ ಭೇದ ಕಾಣುತ್ತದೆ; ಕಾಲಿಗೆ ಮಾತ್ರ ತಿಳಿಯುವುದಿಲ್ಲ.

ಅಭ್ಯಾಸ: ಅರ್ಧ ಕಿಲೋಗ್ರಾಂ ತೂಕದ ತಂಬಿಗೆಯೊಂದು 80 ಸೆಂಟಿಮೀಟರ್ ಎತ್ತರದಿಂದ ಬಿದ್ದು 2 ಮಿಲಿಮೀಟರ್ ದೂರದಲ್ಲಿ ನಿಂತರೆ ಸರಾಸರಿ ಬಲವೆಷ್ಟು? (ಉತ್ತರ: ಸುಮಾರು 1,960 ನ್ಯೂಟನ್.)